ದುರುಗಪ್ಪನ ಕೈಗೆ ಮತ್ತೆ ತಮಟೆ ಬಂದದ್ದು

ಊರಿನ ಹೆಸರು ಬರೆಯುವುದಿಲ್ಲ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಒಳಗೆ ಹೋದರೆ ಸಿಗುತ್ತದೆ, ಅಷ್ಟು ಸಾಕು. ಹೆಸರು ಹಾಕಿದರೆ ಪಕ್ಕದೂರಿನವರು ‘ಸದ್ಯ, ನಮ್ಮಲ್ಲಿ ಹಂಗಿಲ್ಲ’ ಅಂತ ಪೇಪರ್ ಮಡಚಿಟ್ಟು ತಿಂಡಿಗೆ ಏಳುತ್ತಾರೆ. ಅವರ ತಿಂಡಿ ಆರಾಮಾಗಿ ಇಳಿಯಲಿ ಅಂತ ನಾನು ಬರೆಯುತ್ತಿಲ್ಲ.

ಆ ಊರಿನ ಮಾದಿಗರ ಕಾಲೋನಿಯ ತಿಪ್ಪೇಶ್ ಪೇಂಟರ್. ನಲವತ್ತು ದಾಟಿದ ಆಳು. ಫ್ಲೆಕ್ಸ್ ಬಂದು ಬ್ರಷ್ ಹಿಡಿದವರ ಹೊಟ್ಟೆ ಮೇಲೆ ಹೊಡೆದ ಮೇಲೆ ಅವನ ಜೊತೆಯವರು ಆಟೊ ಓಡಿಸಲಿಕ್ಕೆ, ಗಾರೆ ಕೆಲಸಕ್ಕೆ ಹೋದರು. ಇವನು ಹೋಗಲಿಲ್ಲ. ಹಿರಿಯೂರಿನ ಹೆದ್ದಾರಿ ಬದಿಯ ಶೆಡ್ಡುಗಳಲ್ಲಿ ಲಾರಿಗೆ ಬಣ್ಣ ಬರೆದ. ಶಾಲೆ ಗೋಡೆಗೆ ಭೂಪಟ, ಗುಡಿಗೆ ದ್ವಾರಪಾಲಕರು, ಏಪ್ರಿಲ್ ಬಂತೆಂದರೆ ಕಾಲೋನಿ ಕಾಲೋನಿಗೆ ಬಾಬಾಸಾಹೇಬರು.

ಅವನ ಸಾಮಾನಿನಲ್ಲಿ ಒಂದು ಹಳೇ ಡಾಲ್ಡಾ ಡಬ್ಬಿ ಇತ್ತು. ಬಿಳಿಗೆ ಒಂದಿಷ್ಟು ಹಳದಿ, ಒಂದು ಹನಿ ಕೆಂಪು ಬೆರೆಸಿ ಮೊದಲೇ ಮಾಡಿಟ್ಟುಕೊಂಡ ಬಣ್ಣ. ಪೇಂಟರುಗಳು ಅದನ್ನು ‘ಸ್ಕಿನ್ ಕಲರ್’ ಅನ್ನುತ್ತಾರೆ. ಯಾರ ಸ್ಕಿನ್ನು ಅಂತ ಯಾರೂ ಕೇಳುವುದಿಲ್ಲ. ಲಕ್ಷ್ಮಿಗೂ ಅದೇ, ಶಾಸಕರಿಗೂ ಅದೇ, ಸ್ಲೇಟು ಹಿಡಿದು ಶಾಲೆಗೆ ಹೊರಟ ಹುಡುಗಿಗೂ ಅದೇ. ಈ ಸೀಮೆಯ ಬಿಸಿಲಲ್ಲಿ ಬೆಂದ ಯಾವ ಮುಖವೂ ಆ ಡಬ್ಬಿಯಲ್ಲಿ ಇರಲಿಲ್ಲ. ಬಾಬಾಸಾಹೇಬರಿಗೂ ಅವನು ವರ್ಷ ವರ್ಷ ಅದನ್ನೇ ಬಳಿದ. ಕಾಲೋನಿಯವರು ‘ಎಷ್ಟು ಲಕ್ಷಣವಾಗಿ ಬಂದೈತೆ’ ಅಂತ ಹಾರ ಹಾಕಿದರು.

ಈಗ ನಾಲ್ಕೈದು ವರ್ಷದ ಹಿಂದಿನ ಮಾತು. ಹಿರಿಯೂರಿನಲ್ಲಿ ಗಿರೀಶ್ ಅನ್ನುವ ಹುಡುಗ ಹೊಸ ಸಲೂನ್ ಹಾಕಿದ. ಅವನಿಗೆ ಅಮೆರಿಕದ ಕಪ್ಪುಜನರ ಹಾಡಿನ ಹುಚ್ಚು. ಬೆಳಿಗ್ಗೆ ಶಟರ್ ಎತ್ತಿದರೆ ಸ್ಪೀಕರ್ ಶುರು, ರಾತ್ರಿ ಶಟರ್ ಇಳಿಸುವ ತನಕ ರ್‍ಯಾಪ್ ನಿಲ್ಲುವುದಿಲ್ಲ. ಗೋಡೆ ತುಂಬ ಒಬ್ಬ ಹಾಡುಗಾರನ ಮುಖ ಬೇಕು ಅಂತ ತಿಪ್ಪೇಶನನ್ನು ಕರೆಸಿ, ಫೋನಿನಲ್ಲಿ ಫೋಟೊ ತೋರಿಸಿದ. ತಿಪ್ಪೇಶ್ ಚೌಕ ಹಾಕಿದ, ಗೆರೆ ಎಳೆದ, ಡಬ್ಬಿ ತೆರೆದ. ಮಧ್ಯಾಹ್ನದ ಹೊತ್ತಿಗೆ ಮುಖ ತಯಾರು.

ಗಿರೀಶ್ ಕತ್ತರಿ ಹಿಡಿದುಕೊಂಡೇ ತಿರುಗಿ ನೋಡಿದ. “ಏನಣ್ಣಾ ಇದು?”

“ಯಾಕಪ್ಪ, ಕೂದ್ಲು ಸರಿ ಬರಲಿಲ್ವಾ?”

“ಕೂದ್ಲು ಬಿಡು. ಅವ್ನು ಕರಿಯ ಕಣಣ್ಣ! ನೀನು ಜವಳಿ ಅಂಗಡಿ ಸೇಟು ಮಾಡಿ ಕೂರಿಸಿದೀಯಲ್ಲ!”

ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕುಂತಿದ್ದ ಗಿರಾಕಿ ನಕ್ಕು, ನೊರೆ ಮೂಗಿಗೆ ಏರಿ ಸೀನಿದ. ತಿಪ್ಪೇಶನೂ ನಕ್ಕ. ನಕ್ಕು ಕಪ್ಪು ಬಣ್ಣದ ಡಬ್ಬಿ ತೆಗೆದು ಬಳಿದ. ಮುಖ ಸತ್ತಿತು. ಸ್ಲೇಟಿನ ಬಣ್ಣ, ಹೆಣದ ಬಣ್ಣ. ಇಪ್ಪತ್ತು ವರ್ಷ ಬ್ರಷ್ ಹಿಡಿದವನಿಗೆ ಒಬ್ಬ ಕಪ್ಪು ಮನುಷ್ಯನನ್ನು ಬದುಕಿಸಲು ಬರಲಿಲ್ಲ. ನನ್ನ ಹತ್ತಿರ ಇದನ್ನು ಹೇಳುವಾಗ ಅವನು ನಗುತ್ತಿರಲಿಲ್ಲ.

ಒರೆಸಿದ. ರೆಡ್ ಆಕ್ಸೈಡ್ ಬೆರೆಸಿದ, ನೀಲಿ ಬೆರೆಸಿದ, ಗಲ್ಲದ ಮೂಳೆಗೆ ಹಳದಿ ಎಳೆದ. ಒಂದು ದಿನದ ಕೆಲಸ ಮೂರು ದಿನವಾಯಿತು. ಅಷ್ಟೂ ದಿನ ಹಾಡು ಕಿವಿಗೆ ಬೀಳುತ್ತಲೇ ಇತ್ತು. ಇಂಗ್ಲಿಷ್ ಅವನಿಗೆ ಬಾರದು. ಆದರೆ ಪೆಟ್ಟು ಗೊತ್ತಾಯಿತು. ಏಣಿಯ ಮೇಲೆ ನಿಂತವನ ಬೆರಳು ತಾನಾಗಿ ಬಣ್ಣದ ಡಬ್ಬಿಯ ಮೇಲೆ ಆಡುತ್ತಿತ್ತು. ದಪ್ಪ ಕೋಲಿಗೊಂದು, ಸಣ್ಣ ಕಡ್ಡಿಗೆರಡು. ಅದು ಅವನ ಅಪ್ಪ ದುರುಗಪ್ಪನ ತಮಟೆಯ ಪೆಟ್ಟು. ಬಣ್ಣ ಕೊನೆಗೆ ಕೂತಾಗ ಗೋಡೆಯ ಮೇಲಿದ್ದದ್ದೂ ಅದೇ ಅಪ್ಪನ ಮೈಯ ಬಣ್ಣ. “ತಮಟೆ ಕಾಯಿಸ್ವಾಗ ಬೆಂಕಿ ಬೆಳಕು ನಮ್ಮಪ್ಪನ ಮುಖದ ಮೇಲೆ ಕೆಳಗಿಂದ ಬೀಳ್ತಿತ್ತು ನೋಡ್ರಿ, ಹಂಗೇ ಬಂದಿತ್ತು,” ಅಂದ. ಗೊತ್ತಿಲ್ಲದವರಿಗೆ ಒಂದು ಮಾತು: ತಮಟೆಯ ತೊಗಲು ತಣ್ಣಗಿದ್ದರೆ ದನಿ ಏಳುವುದಿಲ್ಲ. ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು, ಆಗ ಅದು ಬಿಗಿಯುತ್ತದೆ.

ಅಲ್ಲಿಂದ ತಿಪ್ಪೇಶನಿಗೂ ಹುಚ್ಚು ಹಿಡಿಯಿತು. ಆ ಹಾಡಿನ ಜನರ ಬಗ್ಗೆ ಫೋನಿನಲ್ಲಿ ಹುಡುಕಿದ. ಕನ್ನಡದಲ್ಲಿ ಯಾರೋ ಪುಣ್ಯಾತ್ಮರು ಮಾಡಿಟ್ಟ ವಿಡಿಯೊ ಸಿಕ್ಕವು. ಗುಲಾಮರ ಕೈಯಿಂದ ಒಡೆಯರು ಡೋಲು ಕಿತ್ತುಕೊಂಡದ್ದು. ಡೋಲಿನ ಸದ್ದಿಗೆ ಗುಲಾಮರು ದಂಗೆ ಏಳುತ್ತಾರೆ ಅನ್ನುವ ಭಯ. ಅವರು ಚಪ್ಪಾಳೆಯಲ್ಲಿ, ಕಾಲ ಬಡಿತದಲ್ಲಿ, ಹತ್ತಿ ಬಿಡಿಸುವಾಗ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಂದೆ ಹೇಳುವ ಪದದಲ್ಲಿ ಅದನ್ನು ಉಳಿಸಿಕೊಂಡದ್ದು. ಅರವತ್ತರ ದಶಕದಲ್ಲಿ ಚಿಕಾಗೊದ ಬಡ ಕೇರಿಯೊಂದರಲ್ಲಿ ಕಪ್ಪು ಪೇಂಟರುಗಳು ಸೇರಿ ಹಾಳು ಕಟ್ಟಡದ ಗೋಡೆಯ ಮೇಲೆ ತಮ್ಮ ಹಾಡುಗಾರರನ್ನು, ತಮ್ಮ ಮುಂದಾಳುಗಳನ್ನು ತಮ್ಮ ಬಣ್ಣದಲ್ಲೇ ಬರೆದದ್ದು. ಕೇರಿಯ ಜನ ಆ ಗೋಡೆಯ ಮುಂದೆ ಬಂದು ನಿಂತು ಎದೆ ಉಬ್ಬಿಸಿದ್ದು. ಕೆಲವೇ ವರ್ಷಕ್ಕೆ ಆ ಗೋಡೆಯೂ ಉಳಿಯಲಿಲ್ಲ. ಆ ಕೊನೆಯ ಭಾಗವನ್ನು ತಿಪ್ಪೇಶ್ ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ಕಾಲೋನಿಯವರು ಸಮುದಾಯ ಭವನದ ರಸ್ತೆ ಬದಿಯ ಗೋಡೆಗೆ ಬಾಬಾಸಾಹೇಬರನ್ನು ಬರಿ ಅಂದಾಗ ತಿಪ್ಪೇಶ್, “ಪಕ್ಕದಾಗೆ ನಮ್ಮಪ್ಪನ್ನೂ ಬರೀತೀನಿ,” ಅಂದ. ಯಾರೂ ಬೇಡ ಅನ್ನಲಿಲ್ಲ. ಡಾಲ್ಡಾ ಡಬ್ಬಿ ಮನೆಯಲ್ಲೇ ಬಿಟ್ಟು ಬಂದ. ಬಾಬಾಸಾಹೇಬರನ್ನು ಮೊದಲ ಸಲ ಮನುಷ್ಯರ ಬಣ್ಣದಲ್ಲಿ ಬರೆದ. ಪಕ್ಕದಲ್ಲಿ ದುರುಗಪ್ಪ, ಆಳೆತ್ತರಕ್ಕಿಂತ ದೊಡ್ಡವನು. ಕಗ್ಗಪ್ಪು ಮೈ, ಕೆಳಗಿನಿಂದ ಮುಖಕ್ಕೆ ಬಿದ್ದ ಬೆಂಕಿಯ ಬೆಳಕು, ಎದೆಗೆ ಒತ್ತಿ ಹಿಡಿದ ತಮಟೆ.

ಮೊದಲು ಜಗಳ ತೆಗೆದವಳು ರಮ್ಯಾ, ಅವನ ಚಿಕ್ಕಪ್ಪನ ಮಗಳು. ಹೊಳಲ್ಕೆರೆ ಕಾಲೇಜಿಗೆ ಹೋಗುವವಳು, ಕಾಲೋನಿ ಸಂಘದ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡವಳು.

“ಅಣ್ಣಾ, ಯಾಕಿಷ್ಟು ಕರಿ? ಬಸ್ಸಿನಾಗೆ ಹೋಗೋರೆಲ್ಲ ನೋಡ್ತಾರೆ. ಮೊದ್ಲೇ ನಮ್ಮನ್ನ ಕಾಗೆ ಅಂತಾರೆ.”

“ನಿನ್ನ ಮುಖಕ್ಕೆ ಹಚ್ಚೋ ಕ್ರೀಮಿನ ಟ್ಯೂಬು ಕೊಡು, ದೊಡ್ಡಪ್ಪಗೂ ಎರಡು ಕೋಟು ಬಳೀತೀನಿ.”

“ಲೇ ಅಣ್ಣ!” ಅಂತ ಅವನ ಬೆನ್ನಿಗೆ ಗುದ್ದಿದಳು. ಆದರೆ ಆಮೇಲೆ ಆ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ಸ್ಟೇಟಸ್ಸಿಗೂ ಹಾಕಿದಳು. ಕಾಲೋನಿಯ ಮುದುಕರು ಬಂದು ದುರುಗಪ್ಪನ ಪಾದದ ಹತ್ತಿರ ಕುಂತು ಎಲೆಯಡಿಕೆ ಹಾಕಿದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ತಾಯಿ ಗಿರಿಯಮ್ಮ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. “ಬಣ್ಣ ಸರಿ ಐತೆ. ಹಂಗೇ ಇದ್ದ,” ಅಂದಳು. ಆಮೇಲೆ, “ತಮಟೆ ಯಾಕೆ ಕೊಟ್ಟೆ?” ಅಂತ ಕೇಳಿ ಹೊರಟುಹೋದಳು. ಅವತ್ತಿನಿಂದ ನಲ್ಲಿ ನೀರಿಗೆ ಹೋಗುವಾಗ ಆ ಗೋಡೆಯ ಮುಂದೆ ಹಾಯದೆ ಹಿತ್ತಲ ಕಡೆಯಿಂದ ಸುತ್ತು ಹಾಕಿ ಹೋಗತೊಡಗಿದಳು.

ತಿಪ್ಪೇಶನಿಗೆ ಗೊತ್ತಿದ್ದದ್ದು ಇಷ್ಟು. ಅವನು ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಪುಟ್ಟ ತಂಗಿ ಜ್ವರ ಬಂದು ತೀರಿಕೊಂಡಳು. ಅದಾದ ಕೆಲವು ದಿನಕ್ಕೆ ಅಪ್ಪ ತಮಟೆ ಸುಟ್ಟುಹಾಕಿದ ಅಂತ ಸುದ್ದಿ ಬಂತು. ಅವನ ಹಿಂದೆ ಕಾಲೋನಿಯವರೆಲ್ಲ ತಮಟೆ ಬಿಟ್ಟರು. ಮೇಲುಬೀದಿಯಲ್ಲಿ ಯಾರೇ ಸತ್ತರೂ ಅವರ ಮನೆಯಿಂದ ಮಣ್ಣು ಮಾಡುವ ಜಾಗದ ತನಕ ಮುಂದೆ ನಡೆದು ಬಾರಿಸಬೇಕಾದ ಕಟ್ಟುಪಾಡು ಅವತ್ತಿಗೆ ನಿಂತಿತು. ಮೇಲುಬೀದಿಯವರು ಹಿಟ್ಟಿನ ಗಿರಣಿ, ಹೋಟೆಲು, ಕೂಲಿ ಎಲ್ಲ ಬಂದ್ ಮಾಡಿ ಹೆದರಿಸಿ ನೋಡಿದರು. ಇವರು ಜಗ್ಗಲಿಲ್ಲ. ದುರುಗಪ್ಪ ಸತ್ತಾಗ ಅವನಿಗೂ ತಮಟೆ ಬಾರಿಸಲಿಲ್ಲ.

ತಿಪ್ಪೇಶ್ ತಾಯಿಯ ಮುಂದೆ ಕುಂತು ತಾನು ಕಲಿತದ್ದನ್ನೆಲ್ಲ ಹೇಳಿದ. “ಯವ್ವಾ, ಅಮೆರಿಕದಾಗೆ ನಮ್ಮಂಗೇ ಇರೋ ಕರೀ ಜನ ಅವರೆ. ಅವರ ಡೋಲು ಕಿತ್ಕಂಡ್ರು. ಅವರು ಬಿಡಲಿಲ್ಲ. ಇವತ್ತು ಲೋಕ ಎಲ್ಲ ಅವರ ತಾಳಕ್ಕೆ ಕುಣೀತೈತೆ. ನಾಚ್ಕಣದು ಯಾಕೆ? ತಮಟೆ ನಮ್ಮ ಕಲೆ.”

ಗಿರಿಯಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಅವರಿಗೆ ಬಾರಿಸ್ಬ್ಯಾಡ ಅಂದ್ರು, ಅವರು ಬಾರಿಸಿದ್ರು. ಗಟ್ಟಿ ಜನ. ನಮಗೆ ಬಾರಿಸು ಅಂದ್ರು, ನಿಮ್ಮಪ್ಪ ಸುಟ್ಟ. ಅವನೂ ಅದನ್ನೇ ಅಲ್ವೇನಲೇ ಮಾಡಿದ್ದು?”

 ತಿಪ್ಪೇಶನಿಗೆ ಆ ಚಿತ್ರ ಅಳಿಸಲು ಮನಸ್ಸು ಬರಲಿಲ್ಲ. ಅವನು ಬರೆದದ್ದರಲ್ಲೆಲ್ಲ ಅವನದೇ ಅನ್ನುವಂಥದ್ದು ಅದೊಂದೇ.

ಆ ಚಿತ್ರವನ್ನು ಕಾಲೋನಿಯವರಿಗಿಂತ ಹೆಚ್ಚು ಮೆಚ್ಚಿದವರು ಮೇಲುಬೀದಿಯವರು. ಪಂಚಾಯ್ತಿ ಅಧ್ಯಕ್ಷ ಪ್ರಭುಲಿಂಗ ಬೈಕ್ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ನೋಡಿದ. “ಏನ್ ಕೈಚಳಕ ಮಾರಾಯ! ನಮ್ಮೂರ ಜಾನಪದ ನೋಡು, ಹೆಂಗೆ ಉಳಿಸಿದೀಯ,” ಅಂದ. ಫೋಟೊ ತೆಗೆದು ತಾಲ್ಲೂಕಿಗೆಲ್ಲ ಹಂಚಿದ. ಜಾನಪದ! ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಜರಿ ರುಮಾಲು ಸುತ್ತಿಸಿ, ಗೆಜ್ಜೆ ಕಟ್ಟಿಸಿ, ಸರ್ಕಾರಿ ಉತ್ಸವದ ವೇದಿಕೆ ಮೇಲೆ ತಮಟೆಯವರನ್ನು ಕುಣಿಸುತ್ತಾರೆ. ಮುಂದಿನ ಸಾಲಿನ ಸೋಫಾದಲ್ಲಿ ಕುಂತ ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಕೂಗಿದಾಗ ಬರದವನ ಮನೆಯ ಹಿಟ್ಟು ಬೀಸಲು ಬಿಡದ ಊರು ತಮ್ಮದೇ ಅನ್ನುವುದು ಆ ಹೊತ್ತಿಗೆ ಅವರಿಗೆ ನೆನಪಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಪ್ರಭುಲಿಂಗನ ತಂದೆ ಚಿತ್ರಲಿಂಗಪ್ಪ ತೀರಿಕೊಂಡರು. ಬೆಳಿಗ್ಗೆ ಅವರ ಆಳೊಬ್ಬ ಕಾಲೋನಿಯ ಬಾಯಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಹಳೇ ಪದ್ಧತಿಯಂತೆ ಅಲ್ಲಿಂದಲೇ ಕೂಗಿದ: “ಗೌಡ್ರು ಹೋಗ್ಯಾರೆ. ತಮಟೆಯೋರು ಬರ್ಬೇಕಂತೆ.”

ಆ ಕೂಗು ಕೇಳಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಗಿರಿಯಮ್ಮ ಬಾಗಿಲಿಗೆ ಬಂದು ಕುಂತಳು.

ಯಾರೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಭುಲಿಂಗನೇ ಬಂದ, ನಾಲ್ಕು ಜನರ ಜೊತೆ. ಅತ್ತು ಕಣ್ಣು ಕೆಂಪಾಗಿದ್ದವು. ದನಿ ಮೃದುವಾಗಿತ್ತು. ನನಗೆ ಹೆಚ್ಚು ಭಯವಾಗುವುದು ಆ ಮೃದು ದನಿಗೆ.

“ನೋಡ್ರಪ್ಪ, ಹಳೇ ಕಾಲದ ಥರ ಕರೀತಾ ಇಲ್ಲ ನಾನು. ಕಲಾತಂಡ ಅಂತ ಬರ್ರಿ. ಶಾಲು ಹಾಕ್ತೀನಿ, ಕೂರಿಸಿ ಊಟ ಹಾಕ್ತೀನಿ. ನಮ್ಮಪ್ಪನ ಕೊನೇ ಆಸೆ.”

“ನಮ್ಮಲ್ಲಿ ತಮಟೆ ಇಲ್ಲ ಅಧ್ಯಕ್ಷರೇ,” ಅಂದಳು ರಮ್ಯಾ.

“ಇಲ್ಲ ಅಂದ್ರೆ? ಇದೇನು ಮತ್ತೆ?” ಪ್ರಭುಲಿಂಗ ಗೋಡೆ ತೋರಿಸಿದ. “ನಾವಾಗಿ ಬರೆದ್ವಾ ಇದನ್ನ? ನಿಮ್ಮ ಕಲೆ, ನಿಮ್ಮ ಹೆಮ್ಮೆ ಅಂತ ನೀವೇ ರಸ್ತೆಗೆ ಹಾಕಿದೀರ. ಗೋಡೆ ಮೇಲೆ ಹೆಮ್ಮೆ, ನಮ್ಮ ಮನೆ ಮುಂದೆ ಅವಮಾನವಾ?”

ಕಾಲೋನಿಯವರೆಲ್ಲ ತಿಪ್ಪೇಶನ ಕಡೆ ನೋಡಿದರು. ಬೈಗುಳವಾದರೆ ಅವನು ತಿರುಗಿಸಿ ಬೈಯುತ್ತಿದ್ದ. ಇದು ಅವನದೇ ಮಾತು, ತಾಯಿಗೆ ಹೇಳಿದ್ದ ಮಾತು, ಇನ್ನೊಬ್ಬನ ಬಾಯಿಂದ ವಾಪಸು ಬಂದಿತ್ತು. ಹಿಂದೆ ನಿಂತ ಒಬ್ಬಿಬ್ಬರು ಗಂಡಸರು ಮೆಲ್ಲಗೆ, “ಇದೊಂದು ಸಲ ಹೋಗಾಣ ಬಿಡ್ರಲೇ, ಮುದುಕ ಒಳ್ಳೇನಿದ್ದ,” ಅಂತಲೂ ಅಂದರು. ಒಂದು ಸಲ ಹೋದರೆ ಮುಂದಿನ ಸಾವಿಗೆ ಕೂಗುವವನು ಶಾಲು ತರುವುದಿಲ್ಲ ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಗ ಗಿರಿಯಮ್ಮ ಎದ್ದು ಬಂದಳು. ಇಷ್ಟು ವರ್ಷ ಆ ಗೋಡೆಯ ಹತ್ತಿರ ಸುಳಿಯದವಳು ಗೋಡೆಗೆ ಕೈಯೂರಿ ನಿಂತಳು. ಪ್ರಭುಲಿಂಗನ ಮುಖ ನೋಡದೆ ಮಗನಿಗೆ ಹೇಳಿದಳು.

“ನಿನ್ನ ತಂಗಿ ಜ್ವರ ಬಂದು ಹೋದ್ಲು ಅಂತ ಮಾತ್ರ ನಿನಗೆ ಗೊತ್ತು. ಕೂಸಿನ್ನೂ ನನ್ನ ತೊಡೆ ಮೇಲೈತೆ, ಮೈ ಬಿಸಿ ಆರಿಲ್ಲ. ಇಲ್ಲೇ, ಈ ಕೇರಿ ಬಾಯಾಗೆ ಬಂದು ಕೂಗಿದ್ರು. ಮೇಲುಬೀದ್ಯಾಗೆ ಯಾರೋ ಮುದುಕ್ರು ತೀರ್ಕಂಡಿದ್ರು. ‘ನನ್ನ ಮಗಳು ಹೋಗೈತೆ ಬುದ್ಧೀ’ ಅಂತ ನಿಮ್ಮಪ್ಪ ಕಾಲು ಹಿಡ್ದ. ‘ಹೆಣ ಎಲ್ಲಿಗೂ ಓಡೋಗಲ್ಲ, ಮೊದ್ಲು ಇದು ಮುಗಿಸು ಬಾ’ ಅಂದ್ರು. ಹೊತ್ತು ಮುಳುಗೋಗಂಟ ಬಾರಿಸಿದ. ಬಂದು ಮಗಳನ್ನ ಎತ್ಕಂಡೋಗಿ ಮಣ್ಣು ಮಾಡಿದ. ಅವಳಿಗೆ ಒಂದೇ ಒಂದು ಪೆಟ್ಟು ಬೀಳಲಿಲ್ಲ. ಮಾರ್ನೆ ದಿನ ತಿಪ್ಪೆ ಹತ್ರ ಹುಲ್ಲು ಹಚ್ಚಿ ತಮಟೆ ಹಿಡ್ದ. ಕಾಯ್ಸಾಕೆ ಅಂದ್ಕಂಡೆ. ತೆಗೀಲೇ ಇಲ್ಲ.”

 

ತಿಪ್ಪೇಶ್ ಮನೆಗೆ ಹೋದ. ಏಣಿ ಹೊತ್ತು, ಡಬ್ಬಿಗಳನ್ನು ಹಿಡಿದು ವಾಪಸು ಬಂದ. ಎಲ್ಲರ ಎದುರೇ ಗೋಡೆಗೆ ಏಣಿ ಒರಗಿಸಿ ಬ್ರಷ್ ಅದ್ದಿದ. ಅಪ್ಪನ ಪಾದದಿಂದ ಶುರು ಮಾಡಿದ. ಮೊದಲು ಹುಲ್ಲು, ಹುಲ್ಲಿಗೆ ಬೆಂಕಿ. ಬೆಂಕಿಯನ್ನು ಮೇಲೆ ಏರಿಸಿದ, ಎದೆಯ ತನಕ. ತಮಟೆಯ ಅಂಚು ಹತ್ತಿಕೊಂಡಿತು, ತೊಗಲು ಬಿರಿಯಿತು. ದುರುಗಪ್ಪನ ಮುಖವನ್ನು ಮುಟ್ಟಬೇಕಾಗಲಿಲ್ಲ. ಆ ಬೆಳಕು ಮೊದಲೇ ಅಲ್ಲಿತ್ತು.

ಪ್ರಭುಲಿಂಗ ಸ್ವಲ್ಪ ಹೊತ್ತು ನಿಂತು ನೋಡಿದ. “ಕಲಾವಿದ ಅಂತ ನಿನಗೆ ಮರ್ಯಾದೆ ಕೊಟ್ಟಿದ್ದೆ ತಿಪ್ಪೇಶ,” ಅಂದ.

ಏಣಿಯ ಮೇಲಿದ್ದವನು ತಿರುಗಲಿಲ್ಲ. “ನಮ್ಮಪ್ಪಗೆ ಕೊಟ್ಟಿದ್ರೆ ಸಾಕಾಗಿತ್ತು.”

ಸಂಜೆ ಚಿತ್ರಲಿಂಗಪ್ಪನವರ ಮೆರವಣಿಗೆ ಹೊರಟಿತು. ಮುಂದೆ ಒಂದು ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಡಿಜೆ ಬಾಕ್ಸು. ಫೋನಿನಿಂದ ತಮಟೆಯ ಸದ್ದು ಹಾಕಿದ್ದರು. ಮಣ್ಣಿಗೆ ಹೋಗುವ ದಾರಿ ಕಾಲೋನಿಯ ಕಡೆಗಿಲ್ಲ. ಆದರೂ ಟ್ರ್ಯಾಕ್ಟರು ಸುತ್ತಿ ಬಂತು. ಸಮುದಾಯ ಭವನದ ಎದುರು ನಿಂತಿತು. ಸೌಂಡು ಏರಿಸಿದರು. ಮನೆಗಳ ತಗಡು ನಡುಗಿದವು, ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಹೆಣವನ್ನು ಹಿಂದೆ ನಿಲ್ಲಿಸಿ ಹುಡುಗರು ಕೇಕೆ ಹಾಕಿದರು. ಸತ್ತ ತಂದೆಯನ್ನು ನಡುದಾರಿಯಲ್ಲಿ ಕಾಯಿಸಿಯಾದರೂ ಒಂದು ಕೇರಿಯನ್ನು ಹಂಗಿಸಬೇಕು ಅನ್ನುವ ಜನರ ದುಃಖ ಎಂಥದ್ದೋ ನನಗೆ ಅರ್ಥವಾಗುವುದಿಲ್ಲ. ಕಾಲೋನಿಯವರು ಬಾಗಿಲು ಹಾಕಿಕೊಳ್ಳಲಿಲ್ಲ. ಗೋಡೆಯ ಮುಂದೆ ಸಾಲಾಗಿ ನಿಂತು, ಟ್ರ್ಯಾಕ್ಟರು ಹೋಗುವ ತನಕ ನಿಂತೇ ಇದ್ದರು. 

ಅದಾದ ಮೇಲೆ ನಡೆದದ್ದು ಎಲ್ಲಾ ಊರಲ್ಲೂ ನಡೆಯುವಂಥದ್ದೇ. ಸಾರ್ವಜನಿಕ ಗೋಡೆಗಳ ಸೌಂದರ್ಯೀಕರಣ ಅಂತ ಪಂಚಾಯ್ತಿ ಠರಾವು ಮಾಡಿತು. ಸಮುದಾಯ ಭವನಕ್ಕೆ ಹೊರಗಿನಿಂದ ಕೂಲಿಯವರು ಬಂದರು. ಬಾಬಾಸಾಹೇಬರನ್ನು ಮುಟ್ಟಲಿಲ್ಲ. ಮುಟ್ಟಿದರೆ ಏನಾಗುತ್ತದೆಂದು ಗೊತ್ತು. ದುರುಗಪ್ಪನ ಮೇಲೆ ಮಾತ್ರ ಬಿಳಿ ಡಿಸ್ಟೆಂಪರ್ ಬಳಿದು, ಮಳೆನೀರು ಕೊಯ್ಲಿನ ಬಗ್ಗೆ ಎರಡು ಸಾಲು ಬರೆಸಿದರು. ಬರೆಯಲು ಮೊದಲು ತಿಪ್ಪೇಶನಿಗೇ ಹೇಳಿಕಳಿಸಿದ್ದರು ಅನ್ನುವುದನ್ನು ನೀವು ನಂಬಬೇಕು. ರಮ್ಯಾ ಕೊಟ್ಟ ದೂರು ತಾಲ್ಲೂಕಿನ ಯಾವುದೋ ಮೇಜಿನ ಮೇಲಿದೆ.

ತಿಪ್ಪೇಶನಿಗೆ ಸುತ್ತಿನ ಶಾಲೆಗಳ ಗೋಡೆ ಕೆಲಸ ನಿಂತಿತು. ಗುಡಿಗಳದ್ದೂ ನಿಂತಿತು. ಈಗ ಹಿರಿಯೂರಿನ ಶೆಡ್ಡುಗಳಲ್ಲಿ ಸಿಕ್ಕಷ್ಟು ಲಾರಿ. ಗಿರೀಶ್ ಸಲೂನಿಗೆ ಹೊಸ ಕನ್ನಡಿ, ಪ್ಲೈವುಡ್ಡು ಹೊಡೆಸಿದ್ದಾನೆ. ಆ ಹಾಡುಗಾರನ ಮುಖ ಅದರ ಹಿಂದೆ ಎಲ್ಲೋ ಇದೆ. ತಿಪ್ಪೇಶ್ ಡಾಲ್ಡಾ ಡಬ್ಬಿ ಬಿಸಾಕಿದ್ದಾನೆ. ಲಾರಿಯ ಹಿಂದಿನ ಲಕ್ಷ್ಮಿಗೂ ನಮ್ಮ ಹೆಂಗಸರ ಬಣ್ಣ ಬರೆಯುತ್ತಾನೆ. “ಏನಪ್ಪ, ಲಕ್ಷ್ಮೀನ ಕಳೆ ಕೀಳಾಕೆ ಕಳಿಸಿದ್ಯಾ?” ಅಂತ ಓನರುಗಳು ಹಂಗಿಸುತ್ತಾರೆ. ಕೆಲವರು ಅಳಿಸಿ ಬೇರೆಯವರ ಹತ್ತಿರ ಬರೆಸಿಕೊಳ್ಳುತ್ತಾರೆ. ಅವನ ಕೈಗೆ ಬರುವ ಗಾಡಿಗಳು ತಿಂಗಳು ತಿಂಗಳು ಕಡಿಮೆಯಾಗುತ್ತಿವೆ.

ಮೊನ್ನೆ ಅವನ ಜೊತೆ ಆ ಊರಿಗೆ ಹೋಗಿದ್ದೆ. ಗೋಡೆ ಹತ್ತಿರ ಹೋಗಿ ನೋಡಿದೆ. ಒಳ್ಳೇ ಡಿಸ್ಟೆಂಪರ್. ಬಿಳಿಯ ಹಿಂದಿನಿಂದ ಕಪ್ಪು ಇಣುಕುತ್ತಿದೆ ಅಂತ ಬರೆದರೆ ಓದುವವರಿಗೆ ಹಿತವಾಗುತ್ತದೆ. ಏನೂ ಇಣುಕುತ್ತಿಲ್ಲ.

ಮನೆಯಲ್ಲಿ ಗಿರಿಯಮ್ಮ, “ಬರ್ರಿ, ಕುಂತ್ಕಳ್ರಿ,” ಅಂತ ಚಾಪೆ ಹಾಸಿದಳು. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಾವು ಗೋಡೆಯ ವಿಷಯ ಮಾತಾಡುತ್ತಿದ್ದದ್ದು ಕೇಳಿಸಿಕೊಂಡು ಮಗನನ್ನು ಕೇಳಿದಳು:

“ಮೇಲುಬೀದ್ಯಾಗೆ ಹೋದ ವಾರ ಯಾರೋ ತೀರ್ಕಂಡ್ರಂತಲ್ಲ?”

“ಹೂಂ ಕಣವ್ವ.”

“ಕೂಗಾಕೆ ಬಂದಿದ್ರಾ?”

“ಇಲ್ಲ. ಯಾರೂ ಬರ್ಲಿಲ್ಲ.”

ಅವಳು ಗೋಡೆಯ ಬಗ್ಗೆ ಏನೂ ಕೇಳಲಿಲ್ಲ. ಒಲೆ ಮುಂದೆ ಹೋಗಿ ಟೀಗೆ ನೀರಿಟ್ಟಳು.